ಹಾಡಿನ ಫೈಲ್ ಚಿಕ್ಕದಾದಾಗ ಹಾಡಿಗೆ ಏನಾಗುತ್ತದೆ?

ಹಾಡು ಕೇಳುವ ಯಾವುದಾದರೂ ಆಪ್‌ನ ಸೆಟ್ಟಿಂಗ್ಸ್ ತೆಗೆದು ನೋಡಿ. 'ಆಡಿಯೋ ಕ್ವಾಲಿಟಿ' ಅಂತ ಒಂದು ಸಾಲು ಇರುತ್ತದೆ. ಅದರೊಳಗೆ ಲೋ, ನಾರ್ಮಲ್, ಹೈ, ಈಗೀಗ ಲಾಸ್‌ಲೆಸ್ ಅನ್ನುವ ಆಯ್ಕೆಗಳು. ಕೆಲವು ಕಡೆ ಪಕ್ಕದಲ್ಲೇ 128, 320 ಅಂತ ಅಂಕಿಗಳೂ ಇರುತ್ತವೆ. 2021ರಲ್ಲಿ ಆಪಲ್ ಮ್ಯೂಸಿಕ್ ಲಾಸ್‌ಲೆಸ್ ಹಾಡುಗಳನ್ನು ಜಾಸ್ತಿ ದುಡ್ಡು ಕೇಳದೆ ಕೊಡಲು ಶುರು ಮಾಡಿದ ಮೇಲಂತೂ ಈ ಪದ ಎಲ್ಲರ ಕಿವಿಗೂ ಬೀಳುತ್ತಿದೆ. ಆದರೆ ಯಾವುದನ್ನು ಒತ್ತಬೇಕು? ಡೇಟಾ ಜಾಸ್ತಿ ಖರ್ಚು ಮಾಡಿದರೆ ಹಾಡು ನಿಜವಾಗಿಯೂ ಚೆನ್ನಾಗಿ ಕೇಳುತ್ತದಾ? ವಾಟ್ಸಾಪ್‌ನಲ್ಲಿ ಬಂದ ಕಛೇರಿಯ ತುಣುಕು ಯಾಕೆ ಅಷ್ಟು ಕಲಸಿಹೋಗಿರುತ್ತದೆ?

ಇದಕ್ಕೆಲ್ಲ ಕಾರಣ ಕಂಪ್ರೆಷನ್. ಆದರೆ ಈ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು ಫೈಲಿನ ಗಾತ್ರ ಇಳಿಸುತ್ತದೆ. ಇನ್ನೊಂದು ಹಾಡಿನ ಮೆಲುದನಿಗೂ ಜೋರುದನಿಗೂ ಇರುವ ಅಂತರವನ್ನು ಇಳಿಸುತ್ತದೆ. ಜನ ಬೈಯುವುದು ಮೊದಲನೆಯದನ್ನು, ಎಷ್ಟೋ ಸಲ ಹಾಡು ಕೆಟ್ಟಿರುವುದು ಎರಡನೆಯದರಿಂದ. ಎರಡನ್ನೂ ಒಂದೊಂದಾಗಿ ನೋಡೋಣ.

## ದನಿ ಅಂಕಿಗಳಾಗುವುದು ಹೇಗೆ

ಯಾರಾದರೂ ಹಾಡಿದಾಗ ಗಾಳಿಯ ಒತ್ತಡ ಬಹಳ ಬೇಗ ಬೇಗ ಏರಿಳಿಯುತ್ತದೆ. ಮೈಕು ಅದನ್ನು ವಿದ್ಯುತ್ತಿನ ಏರಿಳಿತವಾಗಿ ಬದಲಾಯಿಸುತ್ತದೆ. ಕಂಪ್ಯೂಟರ್ ಆ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಬರೆದಿಡುತ್ತದೆ. ಡಿಜಿಟಲ್ ಹಾಡು ಅಂದರೆ ಇಷ್ಟೇ, ಅಳತೆಗಳ ಒಂದು ಉದ್ದನೆಯ ಪಟ್ಟಿ.

1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಸೇರಿ ಮಾರುಕಟ್ಟೆಗೆ ತಂದ ಸಿಡಿಯಲ್ಲಿ ಸೆಕೆಂಡಿಗೆ 44,100 ಅಳತೆಗಳು. ಯಾಕೆ ಅಷ್ಟು? ಮನುಷ್ಯರ ಕಿವಿಗೆ ಕೇಳುವ ದನಿ ಹೆಚ್ಚೆಂದರೆ ಸೆಕೆಂಡಿಗೆ 20,000 ಸಲ ಕಂಪಿಸುವುದು, ಅಂದರೆ 20,000 ಹರ್ಟ್ಸ್. ಒಂದು ಕಂಪನವನ್ನು ಸರಿಯಾಗಿ ಹಿಡಿಯಬೇಕಾದರೆ ಅದರ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಸಲ ಅಳೆಯಬೇಕು. ಪ್ರತಿ ಅಳತೆಗೂ 16 ಬಿಟ್ (0 ಅಥವಾ 1 ಅನ್ನುವ ಒಂದು ಗುರುತು ಒಂದು ಬಿಟ್) ಜಾಗ, ಅಂದರೆ ಅತಿ ಕೆಳಗಿನಿಂದ ಅತಿ ಮೇಲಿನವರೆಗೆ 65,536 ಮೆಟ್ಟಿಲು. ಎಡ ಬಲ ಎರಡಕ್ಕೂ ಬೇರೆ ಬೇರೆ ಪಟ್ಟಿ. ಎಲ್ಲ ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್. ಇದನ್ನೇ 1,411 ಕೆಬಿಪಿಎಸ್ ಅನ್ನುತ್ತಾರೆ. ಸೆಕೆಂಡಿಗೆ ಎಷ್ಟು ಸಾವಿರ ಬಿಟ್ ಅನ್ನುವ ಈ ಲೆಕ್ಕವೇ ಬಿಟ್‌ರೇಟ್.

ಐದು ನಿಮಿಷದ ಹಾಡಿಗೆ ಇದು ಸುಮಾರು 53 ಎಂಬಿ ಆಗುತ್ತದೆ. ಇವತ್ತಿಗೆ ಇದು ದೊಡ್ಡದಲ್ಲ. ಆದರೆ 1990ರ ದಶಕದ ಕೊನೆಯಲ್ಲಿ ಫೋನ್ ಲೈನಿಗೆ ಮೋಡೆಮ್ ಹಾಕಿಕೊಂಡು ಇಂಟರ್ನೆಟ್ ನೋಡುತ್ತಿದ್ದಾಗ ವೇಗ 56 ಕೆಬಿಪಿಎಸ್ ಮೀರುತ್ತಿರಲಿಲ್ಲ, ಅದೂ ಲೈನ್ ಚೆನ್ನಾಗಿದ್ದರೆ. ಆ ವೇಗದಲ್ಲಿ ಒಂದು ಹಾಡು ಇಳಿಯಲು ಎರಡು ಗಂಟೆಗಿಂತ ಜಾಸ್ತಿ ಬೇಕು. ಅದನ್ನೇ 128 ಕೆಬಿಪಿಎಸ್ ಎಂಪಿ3 ಮಾಡಿದರೆ 5 ಎಂಬಿಗೂ ಕಡಿಮೆ, ಹನ್ನೆರಡು ನಿಮಿಷದೊಳಗೆ ಕೈಗೆ ಬರುತ್ತದೆ. ಎಂಪಿ3 ಜಗತ್ತನ್ನೆಲ್ಲ ಆವರಿಸಿದ್ದು ಈ ಲೆಕ್ಕದಿಂದ.

## ಕಳೆಯದೆ ಕುಗ್ಗಿಸುವುದು, ಕಳೆದು ಕುಗ್ಗಿಸುವುದು

ಫೈಲ್ ಚಿಕ್ಕದು ಮಾಡುವುದರಲ್ಲೇ ಎರಡು ಬಗೆ ಇದೆ. ಸೀರೆಯನ್ನು ನೀಟಾಗಿ ಮಡಿಸಿ ಪೆಟ್ಟಿಗೆಯಲ್ಲಿಟ್ಟರೆ ಜಾಗ ಕಡಿಮೆ ಸಾಕು, ಬಿಚ್ಚಿದಾಗ ಒಂದು ಎಳೆಯೂ ಕಡಿಮೆಯಾಗಿರುವುದಿಲ್ಲ. ಇದು ಲಾಸ್‌ಲೆಸ್. 2001ರಲ್ಲಿ ಬಂದ ಫ್ಲ್ಯಾಕ್, ಆಪಲ್‌ನ ಅಲ್ಯಾಕ್ ಈ ಜಾತಿಯವು. ಅಳತೆಗಳ ಪಟ್ಟಿಯಲ್ಲಿ ಮುಂದಿನ ಅಂಕಿ ಏನಿರಬಹುದು ಅಂತ ಹಿಂದಿನವುಗಳಿಂದ ಊಹಿಸಿ, ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಇವು ಬರೆದಿಡುತ್ತವೆ. ಹೀಗೆ ಸಾಮಾನ್ಯವಾಗಿ ಮೂಲದ ಅರ್ಧದಿಂದ ಮುಕ್ಕಾಲು ಭಾಗದ ಗಾತ್ರಕ್ಕೆ ಇಳಿಸಬಹುದು. ಅದಕ್ಕಿಂತ ಕೆಳಗೆ ಇಳಿಸುವುದು ಕಷ್ಟ.

ಇನ್ನೊಂದು ಬಗೆಯಲ್ಲಿ, ಉಟ್ಟಾಗ ನಿರಿಗೆಯ ಒಳಗೆ ಅಡಗಿ ಯಾರಿಗೂ ಕಾಣದ ಬಟ್ಟೆಯನ್ನೇ ಕತ್ತರಿಸಿ ತೆಗೆದುಬಿಡುತ್ತಾರೆ. ಹೊರಗಿನಿಂದ ನೋಡಿದವರಿಗೆ ಸೀರೆ ಹಾಗೇ ಇದೆ. ಇದು ಲಾಸಿ. ಎಂಪಿ3, ಎಎಸಿ, ಓಗ್ ವೋರ್ಬಿಸ್, ಓಪಸ್ ಎಲ್ಲ ಈ ಜಾತಿ. ಹತ್ತರಲ್ಲಿ ಒಂದು ಭಾಗಕ್ಕೆ ಇಳಿಸಿದರೂ ಹಾಡು ಹಾಡಾಗಿಯೇ ಕೇಳುತ್ತದೆ. ಆದರೆ ತೆಗೆದದ್ದು ಹೋಯಿತು, ಮತ್ತೆ ಬರುವುದಿಲ್ಲ.

## ಕಿವಿಗೆ ಕೇಳದ್ದು ಯಾವುದು ಅಂತ ಗೊತ್ತಾಗುವುದು ಹೇಗೆ

ಇಡೀ ವಿಷಯದಲ್ಲಿ ಅತ್ಯಂತ ಸೊಗಸಾದ ಭಾಗ ಇದು. ಜರ್ಮನಿಯ ಎರ್ಲಾಂಗನ್‌ನ ಪ್ರೊಫೆಸರ್ ಡೀಟರ್ ಝೈಟ್ಸರ್ ಅವರಿಗೆ ಫೋನ್ ಲೈನಿನಲ್ಲಿ ಸಂಗೀತ ಕಳಿಸಬೇಕು ಅನ್ನುವ ಆಸೆ ಇತ್ತು. ಅವರ ವಿದ್ಯಾರ್ಥಿ ಕಾರ್ಲ್‌ಹೈಂಝ್ ಬ್ರಾಂಡೆನ್‌ಬರ್ಗ್ ಈ ಕೆಲಸ ಹಿಡಿದರು. ಮುಂದೆ ಅಲ್ಲಿನ ಫ್ರೌನ್‌ಹೋಫರ್ ಸಂಸ್ಥೆ ಮತ್ತು ಇತರರ ಕೆಲಸವೆಲ್ಲ ಸೇರಿ 1990ರ ದಶಕದ ಮೊದಲ ವರ್ಷಗಳಲ್ಲಿ ಎಂಪಿ3 ಒಂದು ಅಂತರರಾಷ್ಟ್ರೀಯ ಮಾನದಂಡವಾಯಿತು. ಫೈಲಿನ ಕೊನೆಗೆ ಎಂಪಿ3 ಅಂತ ಬರೆಯುವ ರೂಢಿ 1995ರಲ್ಲಿ ಶುರುವಾಯಿತು.

ಅವರು ಕಂಪ್ಯೂಟರ್‌ಗಿಂತ ಮೊದಲು ಓದಿದ್ದು ಕಿವಿಯನ್ನು. ನಮ್ಮ ಕಿವಿಗೆ ಎಲ್ಲ ದನಿಗಳೂ ಒಂದೇ ಥರ ಕೇಳುವುದಿಲ್ಲ. 2,000ದಿಂದ 5,000 ಹರ್ಟ್ಸ್ ನಡುವಿನ ದನಿ ಬಹಳ ಮೆಲ್ಲಗಿದ್ದರೂ ಕೇಳುತ್ತದೆ, ತೀರಾ ತಗ್ಗಿನ ಮತ್ತು ತೀರಾ ಎತ್ತರದ ದನಿಗಳು ಜೋರಾಗಿದ್ದರೆ ಮಾತ್ರ ಕೇಳುತ್ತವೆ. ಅದಕ್ಕಿಂತ ಮುಖ್ಯವಾದದ್ದು ಮರೆಮಾಚುವಿಕೆ. ದೇವಸ್ಥಾನದಲ್ಲಿ ಮಂಗಳಾರತಿ ಹೊತ್ತಿಗೆ ಗಂಟೆ, ಜಾಗಟೆ ಬಾರಿಸುವಾಗ ಪಕ್ಕದಲ್ಲಿ ನಿಂತವರ ಮಾತು ಕೇಳುವುದಿಲ್ಲ ಅಲ್ವಾ? ಮಾತು ಗಾಳಿಯಲ್ಲಿ ಇದ್ದೇ ಇದೆ, ಕಿವಿಗೆ ತಲುಪಿಯೂ ಇದೆ, ಆದರೆ ಜೋರಾದ ದನಿ ಅದನ್ನು ಮುಚ್ಚಿಬಿಟ್ಟಿದೆ. ಎರಡು ದನಿಗಳ ಶ್ರುತಿ ಹತ್ತಿರ ಹತ್ತಿರ ಇದ್ದಷ್ಟೂ ಈ ಮುಚ್ಚುವಿಕೆ ಜಾಸ್ತಿ. ಕಾಲದಲ್ಲೂ ಇದು ನಡೆಯುತ್ತದೆ. ಒಂದು ಜೋರಾದ ಪೆಟ್ಟು ಬಿದ್ದ ಮೇಲೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಮೆಲ್ಲಗಿನ ದನಿಗಳು ಕೇಳುವುದಿಲ್ಲ.

ಎಂಪಿ3 ಮಾಡುವ ಸಾಫ್ಟ್‌ವೇರ್ ಹಾಡನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಕತ್ತರಿಸುತ್ತದೆ. ಸಿಡಿಯ ಲೆಕ್ಕದಲ್ಲಿ ಒಂದು ತುಂಡಿನಲ್ಲಿ 1,152 ಅಳತೆ, ಸುಮಾರು 26 ಮಿಲಿಸೆಕೆಂಡ್. ಪ್ರತಿ ತುಂಡಿನಲ್ಲೂ ಯಾವ ಶ್ರುತಿಯ ದನಿ ಎಷ್ಟು ಜೋರಿದೆ ಅಂತ ಬಿಡಿಸಿ, ಯಾವುದು ಯಾವುದನ್ನು ಮುಚ್ಚುತ್ತಿದೆ ಅಂತ ಲೆಕ್ಕ ಹಾಕುತ್ತದೆ. ಇಲ್ಲಿ ಒಂದು ಮಾತು. 'ಕೇಳದ ದನಿಯನ್ನು ಅಳಿಸಿಬಿಡುತ್ತದೆ' ಅಂತ ಸಾಮಾನ್ಯವಾಗಿ ಹೇಳುತ್ತಾರೆ, ಅದು ಅರ್ಧ ಮಾತ್ರ ನಿಜ. ಹೆಚ್ಚಿನ ಉಳಿತಾಯ ಬರುವುದು ಅಂಕಿಗಳನ್ನು ಒರಟಾಗಿ ಬರೆಯುವುದರಿಂದ. 4,873 ಇದ್ದ ಕಡೆ 4,900 ಅಂತ ಬರೆದರೆ ಜಾಗ ಉಳಿಯುತ್ತದೆ, ಆದರೆ ಆ ತಪ್ಪು ಸಣ್ಣ ಗೊರ್ ಸದ್ದಾಗಿ ಹಾಡಿನಲ್ಲಿ ಸೇರಿಕೊಳ್ಳುತ್ತದೆ. ಆ ಸದ್ದು ಹಾಡಿನದೇ ಜೋರಾದ ದನಿಗಳ ಮರೆಯಲ್ಲಿ ಅಡಗುವ ಹಾಗೆ ನೋಡಿಕೊಳ್ಳುವುದೇ ಈ ಕೆಲಸದ ಜಾಣ್ಮೆ. ಬಿಟ್ ಸಾಕಷ್ಟಿದ್ದರೆ ಅಡಗುತ್ತದೆ. ಸಾಲದಿದ್ದರೆ ಹೊರಗೆ ಇಣುಕುತ್ತದೆ.

## ಯಾವ ಸಂಗೀತದಲ್ಲಿ ಸಿಕ್ಕಿಬೀಳುತ್ತದೆ

ಬ್ರಾಂಡೆನ್‌ಬರ್ಗ್ ಅವರು ತಮ್ಮ ಲೆಕ್ಕಗಳನ್ನು ತಿದ್ದಿಕೊಳ್ಳಲು ಬಳಸಿದ ಹಾಡುಗಳಲ್ಲಿ ಒಂದು ಅಮೆರಿಕದ ಗಾಯಕಿ ಸುಝಾನ್ ವೇಗಾ ವಾದ್ಯವೇ ಇಲ್ಲದೆ ಹಾಡಿದ್ದು. ಬೇರೆ ಸಂಗೀತ ಚೆನ್ನಾಗಿ ಬರುತ್ತಿದ್ದರೂ ಆ ಒಂಟಿ ದನಿ ಮೊದಮೊದಲು ಕೆಟ್ಟದಾಗಿ ಬರುತ್ತಿತ್ತು. ಕಾರಣ ಊಹಿಸಬಹುದು. ಇಪ್ಪತ್ತು ವಾದ್ಯಗಳ ಗದ್ದಲದಲ್ಲಿ ತಪ್ಪನ್ನು ಬಚ್ಚಿಡಲು ಬೇಕಾದಷ್ಟು ಮೂಲೆಗಳಿವೆ. ಒಂಟಿ ದನಿಯಲ್ಲಿ ಇಲ್ಲ.

ನಮ್ಮ ಸಂಗೀತಕ್ಕೆ ಇದು ನೇರವಾಗಿ ತಟ್ಟುತ್ತದೆ. ಕರ್ನಾಟಕ ಸಂಗೀತವಿರಲಿ ಹಿಂದೂಸ್ತಾನಿ ಇರಲಿ, ಒಂದು ಕಂಠ, ಹಿಂದೆ ತಂಬೂರಿ, ಪಕ್ಕದಲ್ಲಿ ಒಂದೆರಡು ವಾದ್ಯ. ತಂಬೂರಿಯನ್ನೇ ನೋಡಿ. ಕುದುರೆಯ ಮೇಲೆ ತಂತಿಯ ಅಡಿಗೆ ಇಡುವ ಆ ಸಣ್ಣ ದಾರದಿಂದಾಗಿ ಒಂದು ಮೀಟಿಗೆ ಎಷ್ಟೋ ಉಪಸ್ವರಗಳು ಒಂದಾದ ಮೇಲೊಂದು ಹೊಳೆಯುತ್ತವೆ. ಅವೆಲ್ಲ ಮೆಲ್ಲಗಿನವು, ಎತ್ತರದವು, ಸದಾ ಬದಲಾಗುವಂಥವು. ಗಾಯಕರು ಹಾಡುತ್ತಿದ್ದಾಗ ಸಾಫ್ಟ್‌ವೇರ್ ಇವನ್ನು ಮರೆಯಲ್ಲಿರುವ ದನಿ ಅಂತ ತಿಳಿದು ಒರಟಾಗಿ ಬರೆಯುತ್ತದೆ. 64 ಕೆಬಿಪಿಎಸ್ ಫೈಲಿನಲ್ಲಿ ತಂಬೂರಿ ತುಂಬಿದ ನಾದವಾಗಿ ಕೇಳದೆ, ಬಂದು ಹೋಗಿ ಮಾಡುವ ಒಂದು ಗುಳುಗುಳು ಸದ್ದಾಗುವುದು ಇದಕ್ಕೇ. ವೀಣೆಯಲ್ಲಿ ಮೀಟಿದ ಮೇಲೆ ನಾದ ನಿಧಾನವಾಗಿ ಕರಗುತ್ತಾ ಗಮಕ ಮುಂದುವರಿಯುತ್ತದಲ್ಲ, ಆ ಬಾಲವೂ ಹೀಗೇ ಹರಿದುಹೋಗುತ್ತದೆ.

ಮೃದಂಗ, ಘಟ, ಖಂಜಿರಗಳ ಕಷ್ಟ ಬೇರೆ ಥರದ್ದು. ಪೆಟ್ಟು ಬೀಳುವ ಮೊದಲು ಮೌನ, ಬಿದ್ದ ಕ್ಷಣದಲ್ಲಿ ಸಿಡಿತ. ಒರಟಾಗಿ ಬರೆದ ತಪ್ಪಿನ ಸದ್ದು ಆ 26 ಮಿಲಿಸೆಕೆಂಡಿನ ತುಂಡಿನಾದ್ಯಂತ ಹರಡುತ್ತದೆ, ಅಂದರೆ ಪೆಟ್ಟಿಗಿಂತ ಮೊದಲೂ ಹರಡುತ್ತದೆ. ಪೆಟ್ಟಿನ ನಂತರ ಬರುವ ಸದ್ದು ಮರೆಯಾಗುತ್ತದೆ, ಮೊದಲು ಬರುವುದು ಅಷ್ಟು ಸುಲಭವಾಗಿ ಮರೆಯಾಗುವುದಿಲ್ಲ. ಇದಕ್ಕೆ ಪ್ರೀ-ಎಕೋ ಅಂತ ಹೆಸರು. ಸಾಫ್ಟ್‌ವೇರ್ ಇಂಥ ಕಡೆ ಇನ್ನೂ ಚಿಕ್ಕ ತುಂಡುಗಳನ್ನು ಬಳಸುತ್ತದೆ, ಆದರೆ ಅದಕ್ಕೆ ಜಾಸ್ತಿ ಬಿಟ್ ಬೇಕು. ಇಲ್ಲದಿದ್ದರೆ ಪೆಟ್ಟಿನ ಮೊನೆ ಮೊಂಡಾಗುತ್ತದೆ.

ಮೂರನೆಯದು ಹೊಳೆಯದ ವಿಷಯ. ಹಳೆಯ ಟೇಪ್ ರೆಕಾರ್ಡಿಂಗ್‌ಗಳ ಹಿಂದೆ 'ಸ್ಸ್' ಅಂತ ಒಂದು ಸದ್ದು ಇರುತ್ತದೆ. ನಮಗೆ ಅದು ಬೇಡದ ಗದ್ದಲ, ಸಾಫ್ಟ್‌ವೇರ್‌ಗೆ ಮಾತ್ರ ಬಲು ಕಷ್ಟದ ದನಿ, ಯಾಕೆಂದರೆ ಅದರಲ್ಲಿ ಯಾವ ಕ್ರಮವೂ ಇಲ್ಲ. ಬಿಟ್‌ಗಳೆಲ್ಲ ಆ ಸದ್ದನ್ನು ಬರೆಯಲು ಖರ್ಚಾಗಿ ಹಾಡಿಗೆ ಕಡಿಮೆ ಉಳಿಯುತ್ತವೆ. 50-60 ವರ್ಷದ ಹಿಂದಿನ ಕಛೇರಿಯೊಂದು ಕಡಿಮೆ ಬಿಟ್‌ರೇಟ್‌ನಲ್ಲಿ ಸಿಕ್ಕಿದಾಗ 'ಹಳೇದು, ಹೀಗೇ ಇರುತ್ತೆ' ಅಂದುಕೊಳ್ಳುತ್ತೇವೆ. ಟೇಪಿನಲ್ಲಿ ಅದು ಅಷ್ಟು ಕೆಟ್ಟಿರಲಿಕ್ಕಿಲ್ಲ. ಚಪ್ಪಾಳೆಯೂ ಹೀಗೇ ಕ್ರಮವಿಲ್ಲದ ದನಿ. ಫೈಲ್ ಎಷ್ಟು ಕುಗ್ಗಿದೆ ಅಂತ ಪರೀಕ್ಷಿಸಲು ಹಾಡು ಮುಗಿದ ಮೇಲಿನ ಚಪ್ಪಾಳೆ ಕೇಳಿ, ಬೇಗ ಗೊತ್ತಾಗುತ್ತದೆ.

## ಎಷ್ಟಿದ್ದರೆ ಸಾಕು?

ಬಿಟ್‌ರೇಟ್ ಅಂಕಿ ಒಂದನ್ನೇ ನೋಡಿದರೆ ಆಗುವುದಿಲ್ಲ, ಯಾವ ಬಗೆಯ ಫೈಲ್ ಅನ್ನುವುದೂ ಬೇಕು. ಎಂಪಿ3 ಆದಮೇಲೆ 1997ರಲ್ಲಿ ಎಎಸಿ ಬಂತು, 2012ರಲ್ಲಿ ಓಪಸ್ ಬಂತು. ಇವು ಅದೇ ಬಿಟ್‌ನಲ್ಲಿ ಜಾಸ್ತಿ ಕೆಲಸ ತೆಗೆಯುತ್ತವೆ. 128ರ ಓಪಸ್ ಸಾಮಾನ್ಯವಾಗಿ 128ರ ಎಂಪಿ3ಗಿಂತ ಚೆನ್ನಾಗಿರುತ್ತದೆ. 128ರ ಎಂಪಿ3ಯಲ್ಲಿ ಬಹುಪಾಲು ಸಾಫ್ಟ್‌ವೇರ್‌ಗಳು ಸುಮಾರು 16,000 ಹರ್ಟ್ಸ್‌ನಿಂದ ಮೇಲಿನದ್ದನ್ನು ಪೂರ್ತಿ ತೆಗೆದುಹಾಕುತ್ತವೆ. ಇದು ಎಲ್ಲರಿಗೂ ದೊಡ್ಡ ನಷ್ಟವಲ್ಲ, ವಯಸ್ಸಾದ ಹಾಗೆ ಆ ಎತ್ತರದ ದನಿಗಳು ಕಿವಿಗೆ ಹೇಗೂ ಕೇಳದಾಗುತ್ತವೆ.

ಒಳ್ಳೆಯ ಮೂಲದಿಂದ ಒಂದೇ ಸಲ ಮಾಡಿದ 256ರ ಎಎಸಿ ಅಥವಾ 320ರ ಎಂಪಿ3ಯನ್ನು ಸಿಡಿಯಿಂದ ಬೇರ್ಪಡಿಸಿ ಗುರುತಿಸುವುದು ಹೆಚ್ಚಿನವರಿಗೆ ಆಗುವುದಿಲ್ಲ. ಯಾವುದು ಯಾವುದು ಅಂತ ಹೇಳದೆ ಕೇಳಿಸಿದರೆ ಸಂಗೀತಗಾರರೂ ತಡವರಿಸುತ್ತಾರೆ. ಮನೆಯಲ್ಲೇ ನೋಡಬಹುದು. ಒಂದು ಸಿಡಿ ಹಾಡಿನಿಂದ ಎರಡು ಮೂರು ಬಿಟ್‌ರೇಟ್‌ನ ಫೈಲ್ ಮಾಡಿ, ಇನ್ನೊಬ್ಬರ ಕೈಗೆ ಕೊಟ್ಟು, ಹೆಸರು ಹೇಳದೆ ಹಾಕಲು ಹೇಳಿ. ವಾಲ್ಯೂಮ್ ಮಾತ್ರ ಕಟ್ಟುನಿಟ್ಟಾಗಿ ಒಂದೇ ಇರಬೇಕು, ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ಮೋಸ ಹೋಗುತ್ತದೆ. ಈ ಮಾತು ನೆನಪಿರಲಿ, ಕೆಳಗೆ ಮತ್ತೆ ಬರುತ್ತದೆ.

ಡೇಟಾ ಲೆಕ್ಕ ಬೇಕಿದ್ದರೆ, ಒಂದು ಗಂಟೆ ಕೇಳಲು 128ರಲ್ಲಿ ಸುಮಾರು 58 ಎಂಬಿ, 320ರಲ್ಲಿ 144 ಎಂಬಿ. ಸಿಡಿ ಮಟ್ಟದ ಲಾಸ್‌ಲೆಸ್‌ನಲ್ಲಿ ಅದು 300ರಿಂದ 450 ಎಂಬಿವರೆಗೆ ಹೋಗುತ್ತದೆ.

## ನಿಜವಾದ ಹಾನಿ: ಕುಗ್ಗಿಸಿದ್ದನ್ನು ಮತ್ತೆ ಕುಗ್ಗಿಸುವುದು

ನಿರಿಗೆಯ ಬಟ್ಟೆ ಕತ್ತರಿಸಿದ ಸೀರೆಯನ್ನು ಇನ್ನೊಬ್ಬರು ಬೇರೆ ಥರ ಉಡಲು ಹೋಗಿ, ಮತ್ತೆ ಒಳಗಿನದ್ದು ಅಂತ ಕತ್ತರಿಸಿದರೆ? ಇಂಟರ್ನೆಟ್‌ನಲ್ಲಿ ಹಾಡುಗಳಿಗೆ ದಿನವೂ ಇದೇ ಆಗುತ್ತಿದೆ. ಯಾರೋ 128ರ ಎಂಪಿ3 ತೆಗೆದು ವಿಡಿಯೋ ಮಾಡಿ ಯೂಟ್ಯೂಬ್‌ಗೆ ಹಾಕುತ್ತಾರೆ. ಯೂಟ್ಯೂಬ್ ಅದನ್ನು ಎಎಸಿ ಮತ್ತು ಓಪಸ್‌ಗೆ ಮತ್ತೆ ಕುಗ್ಗಿಸುತ್ತದೆ. ಅದನ್ನು ಇನ್ಯಾರೋ ಇಳಿಸಿಕೊಂಡು ಎಂಪಿ3 ಮಾಡಿ, ತುಂಡು ಮಾಡಿ ಸ್ಟೇಟಸ್‌ಗೆ ಹಾಕುತ್ತಾರೆ. ಒಂದೊಂದು ಸಲವೂ ಹೊಸ ಸಾಫ್ಟ್‌ವೇರ್ ಹಿಂದಿನದರ ತಪ್ಪಿನ ಸದ್ದನ್ನೂ ಸಂಗೀತ ಅಂದುಕೊಂಡು ಅದಕ್ಕೂ ಬಿಟ್ ಖರ್ಚು ಮಾಡುತ್ತದೆ. ನಾಲ್ಕು ಕೈ ದಾಟುವ ಹೊತ್ತಿಗೆ ಹಾಡು ಸವೆದಿರುತ್ತದೆ.

128ರ ಫೈಲನ್ನು 320ಕ್ಕೆ ಬದಲಾಯಿಸಿದರೆ ಫೈಲ್ ದೊಡ್ಡದಾಗುತ್ತದೆ, ಹಾಡು ಸುಧಾರಿಸುವುದಿಲ್ಲ. ಹೀಗೆ ಮಾಡಿ '320 ಕೆಬಿಪಿಎಸ್' ಅಂತ ಹಂಚಿದ ಫೈಲ್‌ಗಳು ಸುತ್ತಾಡುತ್ತಲೇ ಇರುತ್ತವೆ. ಅಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ತೆರೆದು ಸ್ಪೆಕ್ಟ್ರೋಗ್ರಾಂ, ಅಂದರೆ ಯಾವ ಎತ್ತರದ ದನಿ ಎಷ್ಟಿದೆ ಅಂತ ತೋರಿಸುವ ಚಿತ್ರ, ನೋಡಿ. ಹೊಸ ಸಿನಿಮಾ ಹಾಡು 320 ಅಂತ ಹೇಳಿಕೊಂಡು 16,000 ಹರ್ಟ್ಸ್ ಹತ್ತಿರ ಗೆರೆ ಎಳೆದ ಹಾಗೆ ನಿಂತಿದ್ದರೆ ಅನುಮಾನಪಡಬಹುದು. ಹಳೆಯ ರೆಕಾರ್ಡಿಂಗ್‌ಗೆ ಈ ಪರೀಕ್ಷೆ ನಡೆಯುವುದಿಲ್ಲ, ಅವುಗಳ ಮೂಲದಲ್ಲೇ ಅಷ್ಟು ಎತ್ತರದ ದನಿ ಇರುವುದು ಕಡಿಮೆ.

ವಾಟ್ಸಾಪ್‌ನ ವಾಯ್ಸ್ ಮೆಸೇಜ್ ಮಾತಿಗೆ ಮಾಡಿದ ಏರ್ಪಾಡು, ಅದರಲ್ಲಿ ಹಾಡು ರೆಕಾರ್ಡ್ ಮಾಡಿ ಕಳಿಸಿದರೆ ಹಾಡು ಮಾತಿನ ಅಳತೆಗೇ ಕುಗ್ಗುತ್ತದೆ. ಇರುವ ಫೈಲನ್ನು 'ಡಾಕ್ಯುಮೆಂಟ್' ಅಂತ ಆಯ್ದು ಕಳಿಸಿದರೆ ಇದ್ದದ್ದು ಇದ್ದ ಹಾಗೇ ಹೋಗುತ್ತದೆ.

ಬ್ಲೂಟೂತ್ ಹೆಡ್‌ಫೋನ್ ಇರುವವರು ಇನ್ನೊಂದು ತಿಳಿದಿರಬೇಕು. ಲಾಸ್‌ಲೆಸ್ ಒತ್ತಿದರೂ ಫೋನಿನಿಂದ ಹೆಡ್‌ಫೋನಿಗೆ ಹೋಗುವಾಗ ಹಾಡು ಸಾಮಾನ್ಯವಾಗಿ ಮತ್ತೊಮ್ಮೆ ಲಾಸಿಯಾಗಿ ಕುಗ್ಗುತ್ತದೆ. ಎಲ್ಲ ಬ್ಲೂಟೂತ್ ಹೆಡ್‌ಫೋನ್‌ಗಳಲ್ಲೂ ಇರುವ ಎಸ್‌ಬಿಸಿ ಅನ್ನುವ ಕುಗ್ಗಿಸುವ ವಿಧಾನದಲ್ಲಿ ವಾಡಿಕೆಯ ಗರಿಷ್ಠ ಸುಮಾರು 328 ಕೆಬಿಪಿಎಸ್, ಸೋನಿಯ ಎಲ್‌ಡ್ಯಾಕ್‌ನಲ್ಲಿ 990. ಸಿಡಿಯ 1,411 ಹಾಗೇ ಹೋಗುವಷ್ಟು ಜಾಗ ಎರಡರಲ್ಲೂ ಇಲ್ಲ. ಹಾಗಾಗಿ ಬಸ್ಸಿನಲ್ಲಿ ಬ್ಲೂಟೂತ್ ಹಾಕಿಕೊಂಡು ಕೇಳುವಾಗ ಲಾಸ್‌ಲೆಸ್‌ಗೆ ಡೇಟಾ ಸುರಿಯುವುದು ಸುಮ್ನೆ ದಂಡ. ತಂತಿಯ ಹೆಡ್‌ಫೋನ್, ಶಾಂತವಾದ ಕೋಣೆ ಇದ್ದರೆ ಅದು ಬೇರೆ ಮಾತು.

## ಇನ್ನೊಂದು ಕಂಪ್ರೆಷನ್: ಜೋರಿನ ಪೈಪೋಟಿ

ಈಗ ಎರಡನೆಯದು. ಇದಕ್ಕೂ ಫೈಲಿನ ಗಾತ್ರಕ್ಕೂ ಸಂಬಂಧವಿಲ್ಲ, ಇದು ನಡೆಯುವುದು ಸ್ಟುಡಿಯೋದಲ್ಲಿ. ಹಾಡಿನ ಮೆಲ್ಲಗಿನ ಜಾಗಗಳನ್ನು ಎತ್ತಿ, ಜೋರಾದ ಜಾಗಗಳನ್ನು ಅದುಮಿ, ಎಲ್ಲವನ್ನೂ ಹತ್ತಿರ ಹತ್ತಿರ ತರುವುದು. ಹದವಾಗಿ ಮಾಡಿದರೆ ಇದು ಬೇಕಾದ ಕೆಲಸವೇ. ಕಾರಿನಲ್ಲಿ ಕೇಳುವಾಗ ಮಂದ್ರದ ಸಾಲು ಇಂಜಿನ್ ಸದ್ದಿನಲ್ಲಿ ಮುಳುಗಬಾರದು, ತಾರಕ್ಕೆ ಹೋದಾಗ ಕಿವಿ ಚುಚ್ಚಬಾರದು.

ತೊಂದರೆ ಶುರುವಾದದ್ದು ಪೈಪೋಟಿಯಿಂದ. ಜೋರಾಗಿದ್ದರೆ ಚೆನ್ನಾಗಿದೆ ಅನಿಸುತ್ತದೆ ಅಂತ ಮೇಲೆ ಹೇಳಿದೆನಲ್ಲ, ರೇಡಿಯೋದಲ್ಲಿ ಪಕ್ಕದ ಹಾಡಿಗಿಂತ ನಮ್ಮದು ಜೋರಿರಬೇಕು ಅಂತ ಎಲ್ಲರೂ ಹೊರಟರು. ಆದರೆ ಡಿಜಿಟಲ್‌ನಲ್ಲಿ 65,536 ಮೆಟ್ಟಿಲಿನ ತುದಿ ದಾಟಲು ಆಗುವುದಿಲ್ಲ. ಉಳಿದ ದಾರಿ ಒಂದೇ, ತುದಿಗಳನ್ನು ಕತ್ತರಿಸಿ ಕೆಳಗಿನದ್ದನ್ನೆಲ್ಲ ಮೇಲಕ್ಕೆ ತಳ್ಳುವುದು. 1990ರ ದಶಕದಿಂದ ಸಿಡಿಗಳು ಜೋರಾಗುತ್ತಾ ಹೋದವು. 2008ರಲ್ಲಿ ಅಮೆರಿಕದ ಮೆಟಾಲಿಕಾ ಬ್ಯಾಂಡಿನ ಆಲ್ಬಂ ಬಂದಾಗ ಕೇಳುಗರೇ ಸಿಟ್ಟಾದರು. ಅವೇ ಹಾಡುಗಳು ಒಂದು ವಿಡಿಯೋ ಗೇಮಿನಲ್ಲೂ ಬಂದಿದ್ದವು, ಅಲ್ಲಿ ಅಷ್ಟು ಅದುಮಿರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದವರಿಗೆ ಸಿಡಿಯಲ್ಲಿ ಡ್ರಮ್ಮಿನ ಪೆಟ್ಟು ಒಡೆದು ಗರಗರ ಅನ್ನುವುದು ಸ್ಪಷ್ಟವಾಗಿ ಕೇಳಿತು.

ನಿಮ್ಮ ಫೋನಿನಲ್ಲಿರುವ ಹೊಸ ಹಾಡು 'ಯಾಕೋ ತಲೆನೋವು ತರಿಸುತ್ತೆ' ಅನಿಸಿದರೆ ಕಾರಣ ಎಂಪಿ3 ಅಲ್ಲದೆ ಇದೇ ಇರಬಹುದು. ಹೀಗೆ ಅದುಮಿದ ಹಾಡನ್ನು ಲಾಸ್‌ಲೆಸ್‌ನಲ್ಲಿ ಕೇಳಿದರೆ, ಅದುಮಿದ್ದು ಒಂದಿಷ್ಟೂ ಕಳೆಯದೆ ಕೇಳುತ್ತದೆ, ಅಷ್ಟೇ.

ಎರಡೂ ಕಂಪ್ರೆಷನ್‌ಗಳು ಸೇರಿದಾಗ ಇನ್ನೊಂದು ಎಡವಟ್ಟು ಇದೆ. ಲಾಸಿ ಫೈಲನ್ನು ಬಿಚ್ಚಿದಾಗ ಅಲೆಯ ಆಕಾರ ಮೂಲಕ್ಕಿಂತ ಸ್ವಲ್ಪ ಬದಲಾಗಿರುತ್ತದೆ, ಕೆಲವು ಕಡೆ ತುದಿ ಕೊಂಚ ಮೇಲೇರುತ್ತದೆ. ಮೊದಲೇ ತುದಿಮುಟ್ಟ ತಳ್ಳಿದ ಹಾಡಾದರೆ ಆ ಏರಿದ್ದಕ್ಕೆ ಜಾಗವಿಲ್ಲ, ಒಡೆಯುತ್ತದೆ. ಆನ್‌ಲೈನ್‌ಗೆ ಕೊಡುವ ಹಾಡಿನಲ್ಲಿ ಕನಿಷ್ಠ ಒಂದು ಡೆಸಿಬೆಲ್ ಜಾಗ ಬಿಡಿ ಅಂತ ಸ್ಪಾಟಿಫೈ ಹೇಳುವುದು ಇದಕ್ಕೇ.

ಪೈಪೋಟಿಗೆ ಈಗ ಅರ್ಥವೂ ಕಡಿಮೆಯಾಗಿದೆ. ಕಿವಿಗೆ ಹಾಡು ಎಷ್ಟು ಜೋರಾಗಿ ಕೇಳುತ್ತದೆ ಅಂತ ಅಳೆಯುವ ಒಂದು ಮಾನದಂಡ 2006ರಲ್ಲಿ ಬಂತು, ಅದರ ಅಳತೆಯ ಹೆಸರು ಎಲ್‌ಯುಎಫ್‌ಎಸ್. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹಾಡುಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ತಂದು ಕೇಳಿಸುತ್ತದೆ, ಯೂಟ್ಯೂಬ್ ಕೂಡ ಜೋರಾದವನ್ನು ತಗ್ಗಿಸುತ್ತದೆ. ಅದುಮಿ ಜೋರು ಮಾಡಿದ ಹಾಡಿನ ವಾಲ್ಯೂಮ್ ಇಳಿಯುತ್ತದೆ, ಅದುಮಿದ ಗಾಯ ಮಾತ್ರ ಉಳಿಯುತ್ತದೆ.

## ಆನ್‌ಲೈನ್ ಪಾಠ ಮತ್ತು ಮನೆಯ ಹಳೆಯ ಕ್ಯಾಸೆಟ್

ಮೈಸೂರು, ಬೆಂಗಳೂರಿನ ಗುರುಗಳ ಹತ್ತಿರ ಅಮೆರಿಕದಿಂದ, ದುಬೈಯಿಂದ ಸಂಗೀತ ಕಲಿಯುವ ಮಕ್ಕಳು ಈಗ ಬಹಳ. ಅಲ್ಲಿ ಕಂಪ್ರೆಷನ್ ಜೊತೆಗೆ ಸದ್ದು ತೆಗೆಯುವ ಏರ್ಪಾಡೂ ಕೆಲಸ ಮಾಡುತ್ತದೆ. ಒಂದೇ ಸಮ ಕೇಳುವ ಶ್ರುತಿಪೆಟ್ಟಿಗೆಯನ್ನು ಅದು ಫ್ಯಾನಿನ ಸದ್ದು ಅಂತ ತಿಳಿದು ಅಳಿಸುತ್ತದೆ, ಉದ್ದವಾಗಿ ಹಿಡಿದ ಸ್ವರವನ್ನೂ ಕತ್ತರಿಸುತ್ತದೆ. ಝೂಮ್‌ನಲ್ಲಿ 'ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಷಿಯನ್ಸ್' ಅನ್ನುವ ಆಯ್ಕೆ ಇದೆ, ಎರಡೂ ಕಡೆಯವರು ಅದನ್ನು ಹಾಕಿಕೊಂಡರೆ ಪಾಠ ಬಹಳ ಸುಧಾರಿಸುತ್ತದೆ. ಬ್ಲೂಟೂತ್ ಇಯರ್‌ಫೋನಿನ ಮೈಕ್ ಬಳಸಬೇಡಿ. ಮೈಕ್ ಆನ್ ಆದ ಕೂಡಲೇ ಅದು ಸಾಮಾನ್ಯವಾಗಿ ಫೋನ್ ಕರೆಯ ಮಟ್ಟಕ್ಕೆ ಇಳಿದು ಕೇಳುವ ದನಿಯನ್ನೂ ಕೆಡಿಸುತ್ತದೆ.

ಅಜ್ಜಿ ಹಾಡಿದ ಹಸೆ ಹಾಡೋ, ಊರಿನ ಯಕ್ಷಗಾನದ ರೆಕಾರ್ಡಿಂಗೋ ಕ್ಯಾಸೆಟ್‌ನಲ್ಲಿದ್ದರೆ ಕಂಪ್ಯೂಟರಿಗೆ ಇಳಿಸುವಾಗ ನೇರವಾಗಿ ಎಂಪಿ3 ಮಾಡಬೇಡಿ. ಮೊದಲು ವೇವ್ (ಏನೂ ಕುಗ್ಗಿಸದ ಫೈಲ್) ಅಥವಾ ಫ್ಲ್ಯಾಕ್‌ನಲ್ಲಿ ಉಳಿಸಿ. 'ಸ್ಸ್' ಸದ್ದು ತೆಗೆಯುವ ಪ್ರಯೋಗವೆಲ್ಲ ಅದರ ನಕಲಿನ ಮೇಲಿರಲಿ, ಮೂಲದ ಮೇಲೆ ಬೇಡ. ನೆಂಟರಿಗೆ ಹಂಚಲು ಆ ನಕಲಿನಿಂದ 192 ಅಥವಾ 256ರ ಎಂಪಿ3 ಮಾಡಿಕೊಳ್ಳಿ. ಒಂದು ಗಂಟೆಯ ಕ್ಯಾಸೆಟ್ ಫ್ಲ್ಯಾಕ್‌ನಲ್ಲಿ ಸುಮಾರು 400 ಎಂಬಿ ಆಗುತ್ತದೆ, 16 ಜಿಬಿಯ ಒಂದು ಪೆನ್‌ಡ್ರೈವ್‌ನಲ್ಲಿ ನಲವತ್ತರ ಹತ್ತಿರ ಕ್ಯಾಸೆಟ್ ಹಿಡಿಸುತ್ತವೆ. ಎರಡು ಕಡೆ ನಕಲು ಇಡಿ. ಟೇಪು ವರ್ಷ ಕಳೆದ ಹಾಗೆ ಸವೆಯುತ್ತಲೇ ಇರುತ್ತದೆ, ಆದ್ದರಿಂದ ಈ ಕೆಲಸವನ್ನು ಮುಂದಕ್ಕೆ ಹಾಕದಿದ್ದರೆ ಒಳ್ಳೆಯದು.